ಸ್ನಾಯುಕೋಶಗಳ ಬೆಸುಗೆಯೂ ಪೊರೆಯ ಪ್ರೋಟೀನುಗಳೂ

ಪ್ರಾಣಿಶರೀರದ ಜೀವಕೋಶಗಳು ಸಾಮಾನ್ಯವಾಗಿ ತಮ್ಮ ತಮ್ಮ ಎಲ್ಲೆಯನ್ನು ಮೀರುವುದಿಲ್ಲ. ಒಂದೊಂದು ಕೋಶಕ್ಕೂ ಅದರದೇ ಆದ ಪೊರೆಯುಂಟು. ಆ ಪೊರೆಯೊಳಗೆ ಕೋಶರಸ, ಅದರ ನಡುವೆ ಒಂದು ಕೋಶಕೇಂದ್ರ. ಪಕ್ಕದ ಕೋಶದೊಡನೆ ಅಂಟಿಕೊಂಡು ನೂರು ವರ್ಷವಿದ್ದರೂ ಒಂದರ ರಸ ಇನ್ನೊಂದಕ್ಕೆ ಹರಿದು ಎರಡೂ ಒಂದಾಗುವುದಿಲ್ಲ. ಈ ನಿಯಮಕ್ಕೆ ಎದ್ದು ಕಾಣುವ ಅಪವಾದಗಳಲ್ಲಿ ಮುಖ್ಯವಾದುದು ಎಲುಬುಗಳಿಗೆ ಹತ್ತಿಕೊಂಡು ಕೈಕಾಲುಗಳನ್ನು ಆಡಿಸುವ ಸ್ನಾಯು. ಅದರ ಒಂದೊಂದು ತಂತುವೂ ತಲೆಗೂದಲಿನಷ್ಟು ಅಥವಾ ಅದಕ್ಕಿಂತ ತೆಳ್ಳಗಿದ್ದು, ಹಲವು ಸೆಂಟಿಮೀಟರುಗಳ ಉದ್ದಕ್ಕೆ ಬೆಳೆದಿರಬಹುದು. ಅಂತಹ ಒಂದೇ ತಂತುವಿನಲ್ಲಿ ಒಂದೇ ಪೊರೆಯ ಒಳಗೆ ನೂರಾರು ಕೋಶಕೇಂದ್ರಗಳು ಸಾಲುಗೊಂಡಿರುತ್ತವೆ. ಒಂದೇ ಮನೆಯಲ್ಲಿ ಇಷ್ಟು ಮಂದಿ ಯಜಮಾನರು ಎಲ್ಲಿಂದ ಬಂದರು ಎಂಬ ಪ್ರಶ್ನೆಯು ಯೂರೋಪಿನಲ್ಲಿ ಕೋಶಸಿದ್ಧಾಂತವು ಹುಟ್ಟಿದಂದೇ ಹುಟ್ಟಿತು. ಅದಕ್ಕೆ ಉತ್ತರವು ದೊರೆಯಲು ಸುಮಾರು 130 ವರ್ಷಗಳೂ, ಆ ಉತ್ತರಕ್ಕೆ ಕಾರಣವಾದ ವಸ್ತುಗಳು ಕೈಗೆ ಸಿಕ್ಕಲು ಮತ್ತೆ ಸುಮಾರು 50 ವರ್ಷಗಳೂ ಹಿಡಿದುವು. ಈ ಎರಡನೆಯ ವಿಳಂಬಕ್ಕೆ ಉಪಕರಣಗಳ ಕೊರತೆಯೊಂದೇ ಕಾರಣವಲ್ಲ. ಅಂಟಿಕೊಳ್ಳುವುದಕ್ಕೂ ಬೆಸೆದುಕೊಳ್ಳುವುದಕ್ಕೂ ಇರುವ ಭೇದವನ್ನು ವಿದ್ವಾಂಸರು ಬಹುಕಾಲ ಕೈಬಿಟ್ಟುದು ಇನ್ನೂ ದೊಡ್ಡ ಕಾರಣವೆಂದು ಈ ಇತಿಹಾಸವನ್ನು ನೋಡಿದವರಿಗೆ ತೋರದಿರದು.

ಮೊದಲ ಉತ್ತರವನ್ನು ಕೊಟ್ಟವನು ಥಿಯೊಡೋರ್ ಷ್ವಾನ್. ಪ್ರಾಣಿಗಳ ಶರೀರವೂ ಸಸ್ಯಗಳಂತೆ ಕೋಶಗಳಿಂದಲೇ ಆಗಿದೆಯೆಂದು ಸಾರಿದ ತನ್ನ 1839ರ ಗ್ರಂಥದಲ್ಲಿ ಅವನು ಸ್ನಾಯುವಿನ ಪ್ರಸ್ತಾಪವನ್ನೂ ಮಾಡಿದನು. ಭ್ರೂಣದಲ್ಲಿ ದುಂಡಗಿನ ಕೋಶಗಳು ಸಾಲಾಗಿ ನಿಂತು, ನಡುವಣ ಗೋಡೆಗಳು ಕರಗಿ, ಒಂದೇ ಕೊಳವೆಯಾಗುತ್ತವೆ. ಅದೇ ಮುಂದೆ ಸ್ನಾಯುತಂತುವಾಗುತ್ತದೆ ಎಂಬುದು ಅವನ ಮತ. ಕೆಲವೇ ವರ್ಷಗಳಲ್ಲಿ ರೊಬರ್ಟ್ ರೇಮಾಕ್ ಇದನ್ನು ಅಲ್ಲಗಳೆದನು. ಇಬ್ಬರೂ ಬರ್ಲಿನ್ನಿನ ಯೊಹಾನ್ನೆಸ್ ಮ್ಯೂಲರನ ಶಿಷ್ಯವರ್ಗಕ್ಕೆ ಸೇರಿದವರೇ. ರೇಮಾಕನ ಪ್ರಕಾರ ಒಂದು ತಂತುವು ಒಂದೇ ಕೋಶದಿಂದ ಆಗುವುದು. ಕೋಶವು ಉದ್ದವಾಗಿ ಬೆಳೆಯುತ್ತ ಹೋಗುತ್ತದೆ, ಅದರ ಕೇಂದ್ರವು ಒಳಗೆಯೇ ಮತ್ತೆ ಮತ್ತೆ ಒಡೆಯುತ್ತದೆ, ಹೊರಗಿನ ಕೋಶ ಮಾತ್ರ ಒಡೆಯುವುದಿಲ್ಲ.

ಇಲ್ಲಿ ಒಂದು ವಿಚಿತ್ರವುಂಟು. ಹೊಸ ಕೋಶಗಳು ಎಲ್ಲಿಂದ ಹುಟ್ಟುತ್ತವೆಯೆಂಬ ಹೆಚ್ಚು ದೊಡ್ಡ ಪ್ರಶ್ನೆಯಲ್ಲಿ ಷ್ವಾನ್ ತಪ್ಪಿದನು. ಆಕಾರವಿಲ್ಲದ ರಸದಿಂದ ಅವು ಹರಳುಗಟ್ಟಿದಂತೆ ಮೂಡುತ್ತವೆಯೆಂದು ಅವನು ನಂಬಿದ್ದನು. ಇರುವ ಕೋಶವೇ ಒಡೆದು ಎರಡಾಗುತ್ತದೆಯೆಂದು ತೋರಿಸಿದವರಲ್ಲಿ ರೇಮಾಕನೇ ಮುಂದಾಳು. ಆ ದೊಡ್ಡ ವಾದದಲ್ಲಿ ಗೆದ್ದವನ ಮಾತು ಸ್ನಾಯುವಿನ ಚಿಕ್ಕ ವಾದದಲ್ಲಿಯೂ ಹೆಚ್ಚು ತೂಕವನ್ನು ಪಡೆದುದು ಸಹಜ. ಎಲ್ಲವೂ ವಿಭಜನೆಯಿಂದಲೇ ಆಗುತ್ತದೆಯೆಂದ ಮೇಲೆ ಸ್ನಾಯುವಿನ ಕೇಂದ್ರಗಳು ಮಾತ್ರ ಬೇರೆ ದಾರಿಯಲ್ಲಿ ಏಕೆ ಬರಬೇಕು?

ಆದರೂ ರೇಮಾಕನ ಪಕ್ಷಕ್ಕೆ ಒಂದು ತೊಡಕು ಇದ್ದೇ ಇತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಬಣ್ಣಗಟ್ಟುವ ವಿಧಾನಗಳು ಸುಧಾರಿಸಿ, ಕೋಶಕೇಂದ್ರವು ಒಡೆಯುವಾಗ ಕಾಣುವ ದಾರದಂತಹ ರೂಪಗಳು ಸೂಕ್ಷ್ಮದರ್ಶಕದಲ್ಲಿ ಸ್ಪಷ್ಟವಾದುವು. ಅಂತಹ ರೂಪಗಳು ಸ್ನಾಯುತಂತುವಿನ ಒಳಗೆ ಮಾತ್ರ ಎಷ್ಟು ಹುಡುಕಿದರೂ ಸಿಕ್ಕಲಿಲ್ಲ. ಆಗ ಆ ಪಕ್ಷದವರು, ಇಲ್ಲಿಯ ಕೇಂದ್ರಗಳು ದಾರಗಳನ್ನು ತೋರಿಸದೆಯೇ ನಡು ಸೊರಗಿ ನೇರವಾಗಿ ಎರಡಾಗುತ್ತವೆಯೆಂದು ಹೇಳಿ, ಆ ಬಗೆಯ ನೇರ ವಿಭಜನೆಗೆ ಆಗಲೇ ಚಲಾವಣೆಯಲ್ಲಿದ್ದ ಹೆಸರನ್ನು ಆಶ್ರಯಿಸಿದರು. ಕಾಣದುದನ್ನು ವಿವರಿಸಲು ಒಂದು ಹೆಸರು ಸಿಕ್ಕಿದರೆ ವಾದವು ಎಷ್ಟು ದಿನ ಬೇಕಾದರೂ ಬದುಕಬಲ್ಲುದು. ಸಾಯಿಸಿ, ಕತ್ತರಿಸಿ, ಬಣ್ಣ ಹಾಕಿದ ಚೂರುಗಳನ್ನು ನೋಡುವವರಿಗೆ ಎರಡು ಕೇಂದ್ರಗಳು ಒಟ್ಟಿಗಿರುವುದು ಕಾಣುವುದೇ ಹೊರತು, ಅವು ಒಂದರಿಂದ ಎರಡಾದುವೋ ಎರಡು ಕಡೆಯಿಂದ ಬಂದು ಕೂಡಿದುವೋ ಎಂಬುದು ಕಾಣುವಂತಿರಲಿಲ್ಲ. ಕೋಶಗಳನ್ನು ಶರೀರದ ಹೊರಗೆ ಗಾಜಿನ ಮೇಲೆ ಬದುಕಿಸುವ ಕಲೆಯು 1907ರಲ್ಲಿ ರಾಸ್ ಹ್ಯಾರಿಸನ್ನನಿಂದ ಸಾಧ್ಯವಾಯಿತು. 1917ರಲ್ಲಿ ಲ್ಯೂಯಿಸ್ ದಂಪತಿಗಳು ಸ್ನಾಯುವನ್ನೂ ಹಾಗೆ ಬೆಳೆಸಿದರು. ವಿವಾದ ಮಾತ್ರ ಇನ್ನೂ ನಾಲ್ಕು ದಶಕ ಮುಂದುವರಿಯಿತು.

ಅದರ ಗಂಟನ್ನು ಬಿಚ್ಚಿದುದು ಕಣ್ಣಲ್ಲ, ಲೆಕ್ಕ. ಕೋಶಕೇಂದ್ರವು ಯಾವ ರೀತಿಯಲ್ಲಿಯೇ ಒಡೆಯಲಿ, ಒಡೆಯುವ ಮೊದಲು ತನ್ನಲ್ಲಿರುವ ಡಿಎನ್‌ಎ ಎಂಬ ಆನುವಂಶಿಕ ವಸ್ತುವನ್ನು ಇಮ್ಮಡಿಸಿಕೊಳ್ಳಲೇಬೇಕು. ಇಲ್ಲವಾದರೆ ಪ್ರತಿಯೊಂದು ಒಡೆತದಲ್ಲಿಯೂ ಪಾಲು ಅರ್ಧವಾಗುತ್ತ ಹೋಗುವುದು. ಆದುದರಿಂದ ಬೆಳೆಯುತ್ತಿರುವ ತಂತುವಿನ ಕೇಂದ್ರಗಳಲ್ಲಿ ಆ ವಸ್ತುವನ್ನು ಅಳೆದರೆ ಸಾಕು. ಅಮೆರಿಕದಲ್ಲಿ ಲ್ಯಾಷ್, ಹೋಲ್ಟ್ಸರ್, ಸ್ವಿಫ್ಟ್ ಎಂಬ ಮೂವರು 1957ರಲ್ಲಿ, ಗಾಯಗೊಂಡು ಮತ್ತೆ ಬೆಳೆಯುತ್ತಿದ್ದ ಸ್ನಾಯುವಿನಲ್ಲಿ ಹೀಗೆ ಅಳೆದು ನೋಡಿದರು. ಇಮ್ಮಡಿಯ ಹಾದಿಯಲ್ಲಿದ್ದ ಕೇಂದ್ರಗಳು ತಂತುವಿನೊಳಗೆ ಸಿಕ್ಕಲಿಲ್ಲ. ಎಲ್ಲವೂ ಒಂದೇ ಪ್ರಮಾಣವನ್ನು ಹೊಂದಿದ್ದುವು. 1960ರಲ್ಲಿ ಕೋನಿಗ್ಸ್‌ಬರ್ಗ್ ಮತ್ತು ಅವರ ಸಂಗಡಿಗರು, ಡಿಎನ್‌ಎಯ ತಯಾರಿಕೆಯನ್ನು ತಡೆದರೂ ಬಹುಕೇಂದ್ರದ ತಂತುಗಳು ಉಂಟಾಗುವುದು ನಿಲ್ಲುವುದಿಲ್ಲವೆಂದು ತೋರಿಸಿದರು. 1961ರಲ್ಲಿ ಸ್ಟಾಕ್‌ಡೇಲ್ ಮತ್ತು ಹೋಲ್ಟ್ಸರ್ ವಿಕಿರಣಶೀಲವಾದ ಜಲಜನಕವನ್ನು ಸೇರಿಸಿದ ಥೈಮಿಡಿನ್ ಎಂಬ ವಸ್ತುವನ್ನು ಗುರುತಾಗಿ ಬಳಸಿದರು. ಡಿಎನ್‌ಎಯನ್ನು ಹೊಸದಾಗಿ ಕಟ್ಟುತ್ತಿರುವ ಕೇಂದ್ರವು ಮಾತ್ರ ಈ ಗುರುತನ್ನು ಒಳಗೆ ತೆಗೆದುಕೊಳ್ಳುತ್ತದೆ. ತಂತುವಿನ ಕೇಂದ್ರಗಳು ಅದನ್ನು ಮುಟ್ಟಲಿಲ್ಲ. ಒಂಟಿ ಕೋಶಗಳು ತೆಗೆದುಕೊಂಡುವು. ಒಂದೆರಡು ದಿನಗಳ ಮೇಲೆ ನೋಡಿದಾಗ ಆ ಗುರುತುಳ್ಳ ಕೇಂದ್ರಗಳೇ ತಂತುಗಳ ಒಳಗೆ ಕಂಡುವು. ಹೊರಗಿದ್ದುದು ಒಳಗೆ ಬಂದಿತ್ತು. 1965ರಲ್ಲಿ ಡೇವಿಡ್ ಯಾಫೆ ಮತ್ತು ಮೈಕೇಲ್ ಫೆಲ್ಡ್‌ಮನ್ ಇಸ್ರೇಲಿನ ರೆಹೊವೊಟ್ಟಿನಲ್ಲಿ ಇಲಿ ಮತ್ತು ಮೊಲದ ಸ್ನಾಯುಜನಕ ಕೋಶಗಳನ್ನು ಬೆರೆಸಿಟ್ಟು, ಎರಡೂ ಜಾತಿಯ ಕೇಂದ್ರಗಳುಳ್ಳ ಮಿಶ್ರತಂತುಗಳನ್ನು ಪಡೆದರು.

ಆದರೂ ಗಾಜಿನ ತಟ್ಟೆಯಲ್ಲಿ ನಡೆಯುವುದೆಲ್ಲವೂ ಶರೀರದಲ್ಲಿ ನಡೆಯಬೇಕೆಂದಿಲ್ಲ ಎಂಬ ಆಕ್ಷೇಪ ಉಳಿದಿತ್ತು. ಅದನ್ನು ಕಳೆದುದು ಫಿಲಡೆಲ್ಫಿಯದ ಬಿಯಾಟ್ರಿಸ್ ಮಿಂಟ್ಸ್ ಮತ್ತು ವಿಲ್ಬರ್ ಬೇಕರ್ 1967ರಲ್ಲಿ ಪ್ರಕಟಿಸಿದ ಪ್ರಯೋಗ. ಈ ಇತಿಹಾಸದಲ್ಲಿ ಇದಕ್ಕಿಂತ ಚೆಲುವಾದ ಸಾಧನೆ ಇನ್ನೊಂದಿಲ್ಲವೆನ್ನಬಹುದು. ಎರಡು ಬೇರೆ ಬೇರೆ ತಳಿಯ ಚಿಟ್ಟಿಲಿಗಳ ಎಳೆಯ ಭ್ರೂಣಗಳನ್ನು ಒಂದಕ್ಕೊಂದು ಕೂಡಿಸಿ, ಮೂರನೆಯ ತಾಯಿಯ ಗರ್ಭದಲ್ಲಿಟ್ಟು ಬೆಳೆಸಿದರೆ ಹುಟ್ಟುವ ಮರಿಯ ಶರೀರದಲ್ಲಿ ಎರಡೂ ತಳಿಯ ಕೋಶಗಳು ಬೆರೆತಿರುತ್ತವೆ. ಐಸೊಸಿಟ್ರೇಟ್ ಡಿಹೈಡ್ರಾಜನೇಸ್ ಎಂಬ ಕಿಣ್ವವು ಎರಡು ಅರೆಗಳು ಜೋಡಿಯಾಗಿ ಆದುದು. ಒಂದು ತಳಿಯಲ್ಲಿ ಆ ಅರೆ ಒಂದು ಬಗೆಯದು, ಇನ್ನೊಂದರಲ್ಲಿ ಬೇರೆ ಬಗೆಯದು. ಎರಡು ತಳಿಗಳ ಕೇಂದ್ರಗಳು ಬೇರೆ ಬೇರೆ ಕೋಶಗಳಲ್ಲಿಯೇ ಇದ್ದರೆ ಸಜಾತಿಯ ಜೋಡಿಗಳು ಮಾತ್ರ ಉಂಟಾಗಬೇಕು. ಎರಡೂ ಒಂದೇ ಕೋಶರಸದಲ್ಲಿದ್ದರೆ ಮಾತ್ರ ಒಂದು ಅರೆ ಇಲ್ಲಿಯದು, ಒಂದು ಅರೆ ಅಲ್ಲಿಯದು ಆಗಿ ಮಿಶ್ರಜೋಡಿ ಹುಟ್ಟಬಲ್ಲುದು. ಯಕೃತ್ತು, ಹೃದಯ ಮೊದಲಾದ ಅಂಗಗಳನ್ನು ಪರೀಕ್ಷಿಸಿದಾಗ ಮಿಶ್ರಜೋಡಿ ದೊರೆಯಲಿಲ್ಲ. ಎಲುಬಿನ ಸ್ನಾಯುವಿನಲ್ಲಿ ದೊರೆಯಿತು. ಷ್ವಾನ್ 1839ರಲ್ಲಿ ಊಹಿಸಿದುದು ಬದುಕಿರುವ ಪ್ರಾಣಿಯಲ್ಲಿ ಹೀಗೆ ಸಿದ್ಧವಾಯಿತು.

ಕೋಶಗಳು ಬೆಸೆಯುತ್ತವೆಯೆಂಬುದು ಗೊತ್ತಾದ ಮೇಲೆ ಬೆಸೆಯುವ ಕರ್ತೃ ಯಾರೆಂಬ ಪ್ರಶ್ನೆ ಎದ್ದಿತು. ಕೋಶದ ಪೊರೆಯು ಎರಡು ಪದರಗಳ ಕೊಬ್ಬಿನ ಹಾಳೆ. ಅದರಲ್ಲಿ ನಾಟಿಕೊಂಡು, ಒಳಗೂ ಹೊರಗೂ ಚಾಚಿಕೊಂಡು ಬಗೆಬಗೆಯ ಪ್ರೋಟೀನುಗಳಿರುತ್ತವೆ. ಎರಡು ಕೋಶಗಳ ಹೊರಮೈಗಳು ನೀರಿನ ತೆಳುಪದರವನ್ನು ಹಿಡಿದುಕೊಂಡಿರುವುದರಿಂದ ತಾವಾಗಿ ಒಂದನ್ನೊಂದು ಮುಟ್ಟಲಾರವು. ಯಾವುದೋ ಪ್ರೋಟೀನು ಆ ಕೆಲಸವನ್ನು ಮಾಡಿಸಬೇಕು. 1969ರಲ್ಲಿ ಯಾಫೆಯವರ ಬಳಗವು ಪೋಷಕರಸದಲ್ಲಿ ಕ್ಯಾಲ್ಸಿಯಮ್ಮನ್ನು ಕಡಮೆ ಮಾಡಿದರೆ ಬೆಸುಗೆಯು ನಿಲ್ಲುತ್ತದೆಯೆಂದು ಕಂಡಿತು. ಕ್ಯಾಲ್ಸಿಯಮ್ಮಿನ ನೆರವಿನಿಂದ ಕೋಶಗಳನ್ನು ಒಂದಕ್ಕೊಂದು ಹಿಡಿದಿಡುವ ಕ್ಯಾಡ್‌ಹೆರಿನ್ ಎಂಬ ಪೊರೆಯ ಪ್ರೋಟೀನುಗಳನ್ನು ಜಪಾನಿನ ಟಾಕೆಯಿಚಿ 1980ರ ದಶಕದಲ್ಲಿ ಗುರುತಿಸಿದ ಮೇಲೆ, ಸ್ನಾಯುವಿನ ಕರ್ತೃವೂ ಇದೇ ಕುಟುಂಬದವನಾಗಿರಬೇಕೆಂಬ ನಂಬಿಕೆ ಬಲವಾಯಿತು. ಸ್ನಾಯುವಿಗೇ ವಿಶೇಷವಾದ ಎಂ-ಕ್ಯಾಡ್‌ಹೆರಿನ್ 1991ರಲ್ಲಿ ದೊರೆತಾಗ ಅದರ ಮೇಲೆ ಎಲ್ಲರ ದೃಷ್ಟಿ ನೆಟ್ಟಿತು. 1995ರಲ್ಲಿ ಮತ್ತೊಬ್ಬ ಉಮೇದುವಾರ ಬಂದನು: ವೀರ್ಯಾಣುವಿನ ಮೇಲಿರುವ ಒಂದು ಪ್ರೋಟೀನನ್ನು ಹೋಲುವ ಮೆಲ್ಟ್ರಿನ್. ಕರಗಿ ಒಂದಾಗುವುದೆಂಬ ಅರ್ಥದ ಇಂಗ್ಲಿಷ್ ಪದದಿಂದಲೇ ಅದಕ್ಕೆ ಹೆಸರಿಟ್ಟಿದ್ದರು.

ಇವೆರಡಕ್ಕೂ ಒದಗಿದ ಗತಿ ಒಂದೇ. 2002ರಲ್ಲಿ ಎಂ-ಕ್ಯಾಡ್‌ಹೆರಿನ್ ಇಲ್ಲದಂತೆ ಹುಟ್ಟಿಸಿದ ಚಿಟ್ಟಿಲಿಗಳ ಸ್ನಾಯುಗಳು ಮೇಲುನೋಟಕ್ಕೆ ಸರಿಯಾಗಿಯೇ ಇದ್ದುವು. 2003ರಲ್ಲಿ ಮೆಲ್ಟ್ರಿನ್ ಇಲ್ಲದ ಚಿಟ್ಟಿಲಿಗಳಲ್ಲಿಯೂ ತಂತುಗಳು ಬಹುಮಟ್ಟಿಗೆ ರೂಪುಗೊಂಡಿದ್ದುವು. ಒಂದು ಕೆಲಸಕ್ಕೆ ಹಲವರಿದ್ದು ಒಬ್ಬನು ಹೋದರೆ ಇನ್ನೊಬ್ಬನು ನಿಂತಿರಬಹುದೆಂದು ಸಮಾಧಾನ ಹೇಳಲಾಯಿತು. ಅದು ಸುಳ್ಳೂ ಅಲ್ಲ. ಆದರೆ ಮೂಲದ ದೋಷ ಬೇರೆ ಇತ್ತು. ತಡೆದರೆ ಬೆಸುಗೆ ಕುಗ್ಗುತ್ತದೆಯೆಂಬುದು ಒಂದು ಪ್ರೋಟೀನು ಬೆಸುಗೆಗೆ ಮುನ್ನ ಎಲ್ಲಿಯೋ ಬೇಕು ಎಂಬುದಕ್ಕೆ ಮಾತ್ರ ಸಾಕ್ಷಿ. ಎರಡು ಪದಗಳು ಪಕ್ಕದಲ್ಲಿ ನಿಂತಮಾತ್ರಕ್ಕೆ ಸಂಧಿಯಾಗುವುದಿಲ್ಲವೆಂಬುದೂ, ಪ್ರಕೃತಿಭಾವವೆಂಬ ಸ್ಥಿತಿಯಲ್ಲಿ ಸ್ವರಕ್ಕೆ ಸ್ವರ ಎದುರಾಗಿಯೂ ಅವು ಬೇರೆಯಾಗಿಯೇ ಉಳಿಯುತ್ತವೆಯೆಂಬುದೂ ವ್ಯಾಕರಣವನ್ನು ಓದಿದವರಿಗೆ ಹೊಸತಲ್ಲ. ಸಾಮೀಪ್ಯವು ಸಂಧಿಗೆ ಬೇಕು, ಸಾಮೀಪ್ಯವೇ ಸಂಧಿಯಲ್ಲ. ಕ್ಯಾಡ್‌ಹೆರಿನ್‌ಗಳು ಸಾಮೀಪ್ಯವನ್ನು ಒದಗಿಸುವ ಪ್ರೋಟೀನುಗಳು. ಚರ್ಮದಲ್ಲಿಯೂ ಕರುಳಿನಲ್ಲಿಯೂ ಅದೇ ಕುಟುಂಬದವು ಕೋಶಗಳನ್ನು ಬಿಗಿಯಾಗಿ ಹಿಡಿದಿವೆ. ಅಲ್ಲಿ ಯಾವುದೂ ಬೆಸೆದು ಒಂದಾಗಿಲ್ಲ. ಈ ಸಂಗತಿಯು ಎಲ್ಲರ ಕಣ್ಣೆದುರಿಗೇ ಇತ್ತು.

ಅದೇ ಕಾಲದಲ್ಲಿ ಹಣ್ಣುನೊಣವನ್ನು ಹಿಡಿದವರು ಇನ್ನೊಂದು ದಾರಿಯಿಂದ ಬರುತ್ತಿದ್ದರು. ಮೈಕೇಲ್ ಬೇಟ್ 1990ರಲ್ಲಿ ಆ ನೊಣದ ಭ್ರೂಣದಲ್ಲಿ ಸ್ನಾಯುವಿನ ಕೋಶಗಳು ಎರಡು ಬಗೆಯವೆಂದು ತೋರಿಸಿದರು: ಯಾವ ಸ್ನಾಯು ಎಂಬುದನ್ನು ನಿರ್ಧರಿಸುವ ಮೂಲಕೋಶಗಳು, ಅವುಗಳೊಡನೆ ಕೂಡಲು ಕಾದಿರುವ ಉಳಿದ ಕೋಶಗಳು. 2000ದಲ್ಲಿ ಮೂಲಕೋಶದ ಪೊರೆಯ ಮೇಲಿನ ಒಂದು ಪ್ರೋಟೀನೂ, ಅದನ್ನು ಗುರುತಿಸಿ ಬಂದು ಹಿಡಿಯುವ ಇನ್ನೊಂದೂ ಸಿಕ್ಕಿದುವು. ಇವಿಲ್ಲದೆ ನೊಣದಲ್ಲಿ ಬೆಸುಗೆ ನಡೆಯದು. ಆದರೆ ಇವೂ ಪರಿಚಯ ಮಾಡಿಕೊಂಡು ಹಿಡಿಯುವವೇ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಕೆ. ವಿಜಯರಾಘವನ್ ಅವರು 1991ರಲ್ಲಿಯೇ ಬೇಟ್ ಮೊದಲಾದವರೊಡನೆ ಕೂಡಿ ನೊಣದ ಹಾರುವ ಸ್ನಾಯುಗಳ ಬೆಳವಣಿಗೆಯನ್ನು ವಿವರಿಸಿದ್ದರು. ಆ ಕೇಂದ್ರದವರೂ ರೆಹೊವೊಟ್ಟಿನ ವೈಜ್‌ಮನ್ ಸಂಸ್ಥೆಯವರೂ ಜೊತೆಯಾಗಿ 2011ರಲ್ಲಿಯೂ 2015ರಲ್ಲಿಯೂ ಪ್ರಕಟಿಸಿದ ಲೇಖನಗಳು ಈ ಭೇದವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಬಿಡಿಸಿಟ್ಟುವು. ಅಂಟಿನ ಪ್ರೋಟೀನು ಕೋಶವನ್ನು ಒಂದು ಅಂತರದವರೆಗೆ ಮಾತ್ರ ತರುತ್ತದೆ. ಆಮೇಲೆ ಕೋಶದೊಳಗಿನ ಆಕ್ಟಿನ್ ಎಂಬ ಎಳೆಗಳು ಕವಲೊಡೆದು ಬೆಳೆಯುತ್ತ ಪೊರೆಯನ್ನು ಒಳಗಿನಿಂದ ಒತ್ತಿ ಎರಡು ಮೈಗಳನ್ನೂ ಬಿಗಿಯಾಗಿ ಜೋಡಿಸುತ್ತವೆ; ಹಲವು ಕಡೆ ಸ್ಪರ್ಶವುಂಟಾಗಿ ಚಿಕ್ಕ ಚಿಕ್ಕ ರಂಧ್ರಗಳು ತೆರೆಯುತ್ತವೆ; ಅವು ಹಿಗ್ಗಿ ರಸವು ಒಂದಾಗುತ್ತದೆ. ಅಂಟು, ಒತ್ತು, ತೆರಪು ಎಂಬ ಮೂರು ಬೇರೆ ಬೇರೆ ಕೆಲಸಗಳು ಇಲ್ಲಿ ಬೇರೆ ಬೇರೆಯಾಗಿಯೇ ಕಂಡುವು.

ಬೆನ್ನೆಲುಬುಳ್ಳ ಪ್ರಾಣಿಗಳಲ್ಲಿ ಕರ್ತೃವು ಸಿಕ್ಕಿದುದು 2013ರಲ್ಲಿ. ಅಮೆರಿಕದ ಡಲ್ಲಾಸ್ ನಗರದಲ್ಲಿ ಎರಿಕ್ ಓಲ್ಸನ್ ಅವರ ಪ್ರಯೋಗಶಾಲೆಯಲ್ಲಿ ಡಗ್ಲಸ್ ಮಿಲೇ ಮತ್ತು ಸಂಗಡಿಗರು ಹಳೆಯ ಅಂಟಿನ ಕುಟುಂಬಗಳ ಬೆನ್ನುಹತ್ತದೆ, ಸ್ನಾಯುವಿನಲ್ಲಿ ಮಾತ್ರ ಕೆಲಸಮಾಡುವ ಮತ್ತು ಪೊರೆಯಲ್ಲಿ ನೆಲೆಸುವ ಅಪರಿಚಿತ ಪ್ರೋಟೀನುಗಳನ್ನು ಹುಡುಕಿದರು. ಹಾಗೆ ದೊರೆತುದು 221 ಅಮೈನೋ ಆಮ್ಲಗಳ, ಪೊರೆಯನ್ನು ಏಳು ಬಾರಿ ಹಾದುಹೋಗುವ ಒಂದು ಪ್ರೋಟೀನು. ಅದಕ್ಕೆ ಮಯೋಮೇಕರ್ ಎಂದು ಹೆಸರಿಟ್ಟರು. ಭ್ರೂಣದಲ್ಲಿ ಬೆಸುಗೆಯ ಕಾಲಕ್ಕೆ ಅದು ಕಾಣಿಸಿಕೊಂಡು ಕೆಲಸ ಮುಗಿದ ಮೇಲೆ ಮರೆಯಾಗುತ್ತದೆ. ಸ್ನಾಯುವಿಗೆ ಗಾಯವಾದರೆ ಮತ್ತೆ ಬರುತ್ತದೆ. ಅದನ್ನು ಕಳೆದುಕೊಂಡು ಹುಟ್ಟಿದ ಚಿಟ್ಟಿಲಿಯ ಮರಿಗಳು ಬದುಕಿ ಉಳಿಯಲಿಲ್ಲ. ಅವುಗಳ ಕೋಶಗಳು ಸ್ನಾಯುವಿಗೆ ತಕ್ಕ ಪ್ರೋಟೀನುಗಳನ್ನೆಲ್ಲ ತಯಾರಿಸಿದ್ದುವು, ತಕ್ಕ ಸ್ಥಳದಲ್ಲಿ ಬಂದು ನಿಂತಿದ್ದುವು. ಒಂದೊಂದೂ ಒಂಟಿಯಾಗಿ ಉಳಿದಿತ್ತು. ಕ್ಯಾಡ್‌ಹೆರಿನ್ನಿನ ಪರೀಕ್ಷೆಯಲ್ಲಿ ಕಾಣದಿದ್ದುದು ಇಲ್ಲಿ ಕಂಡಿತು.

ಇದಕ್ಕಿಂತ ಮುಖ್ಯವಾದುದು ಇನ್ನೊಂದು ಪರೀಕ್ಷೆ. ಇಲ್ಲದಿದ್ದರೆ ಕೆಲಸ ಕೆಡುವುದೆಂಬುದರ ಜೊತೆಗೆ, ಇದ್ದರೆ ಕೆಲಸವಾಗುವುದೆಂಬುದನ್ನೂ ತೋರಿಸಬೇಕೆಂಬ ಹಟವನ್ನು ಈ ಬಳಗವು ಹಿಡಿಯಿತು. ಎಂದಿಗೂ ಬೆಸೆಯದ, ಅಂಗಗಳ ನಡುವಣ ಹಂದರವನ್ನು ನೇಯುವ ಫೈಬ್ರೊಬ್ಲಾಸ್ಟ್ ಎಂಬ ಕೋಶಗಳಲ್ಲಿ ಮಯೋಮೇಕರನ್ನು ಉಂಟುಮಾಡಿದಾಗ ಅವು ಸ್ನಾಯುಜನಕ ಕೋಶಗಳೊಡನೆ ಬೆಸೆದುಕೊಂಡುವು. ತಮ್ಮ ತಮ್ಮಲ್ಲಿ ಮಾತ್ರ ಬೆಸೆಯಲಿಲ್ಲ. ಹಾಗಾದರೆ ಸ್ನಾಯುಕೋಶದ ಕಡೆಯಿಂದ ಮತ್ತೇನೋ ಒದಗುತ್ತಿದೆಯೆಂದಾಯಿತು. ಅದು 2017ರಲ್ಲಿ ಮೂರು ಕಡೆ ಒಂದೇ ವರ್ಷದಲ್ಲಿ ಹೊರಬಿತ್ತು: ಡಲ್ಲಾಸಿನ ಬಳಗ, ಸಿನ್ಸಿನಾಟಿಯಲ್ಲಿ ಸ್ವಂತ ಪ್ರಯೋಗಶಾಲೆಯನ್ನು ತೆರೆದಿದ್ದ ಮಿಲೇ ಅವರ ಬಳಗ, ಸಾನ್ ಡಿಯೇಗೊವಿನ ಮೂರನೆಯದೊಂದು ಬಳಗ. ಮೂವರೂ ಮೂರು ಹೆಸರಿಟ್ಟರು: ಮಯೋಮಿಕ್ಸರ್, ಮಯೋಮರ್ಜರ್, ಮಿನಿಯನ್. ವಸ್ತು ಒಂದೇ. ಚಿಟ್ಟಿಲಿಯಲ್ಲಿ ಅದರ ಉದ್ದ 84 ಅಮೈನೋ ಆಮ್ಲಗಳು ಮಾತ್ರ. ಅಷ್ಟು ಚಿಕ್ಕದಾದುದರಿಂದಲೇ ಅದು ಇಷ್ಟು ಕಾಲ ಯಾರ ಗಮನಕ್ಕೂ ಬಾರದೆ ಉಳಿದಿರಬೇಕು. ಮಯೋಮೇಕರ್ ಮತ್ತು ಇದನ್ನು ಒಟ್ಟಿಗೆ ಕೊಟ್ಟರೆ ಫೈಬ್ರೊಬ್ಲಾಸ್ಟುಗಳು ತಮ್ಮತಮ್ಮಲ್ಲಿಯೇ ಬೆಸೆದು ಬಹುಕೇಂದ್ರದ ಕೋಶಗಳಾದುವು. 1839ರ ಊಹೆಗೆ ಕರ್ತೃಪದವು ಆಗ ದೊರೆಯಿತು.

ಎರಡು ಪ್ರೋಟೀನುಗಳು ಜೊತೆಗೂಡಿ ಒಂದೇ ಯಂತ್ರವಾಗಿ ದುಡಿಯುತ್ತವೆಯೆಂದು ಮೊದಲು ಯಾರಿಗಾದರೂ ತೋರುವುದು ಸಹಜ. 2018ರಲ್ಲಿ ಲೆಯಿಕಿನಾ ಮೊದಲಾದವರು ಪ್ರಕಟಿಸಿದ ಪರೀಕ್ಷೆಗಳು ಹಾಗಲ್ಲವೆಂದು ತೋರಿಸಿದುವು. ಪೊರೆಗೆ ಎರಡು ಪದರಗಳಿರುವುದರಿಂದ ಬೆಸುಗೆಯೂ ಎರಡು ಹಂತದಲ್ಲಿ ನಡೆಯಬೇಕು: ಮೊದಲು ಎದುರುಬದುರಾದ ಹೊರಪದರಗಳು ಕೂಡಬೇಕು, ಆಮೇಲೆ ಒಳಪದರಗಳೂ ಒಡೆದು ಕೂಡಿ ರಂಧ್ರವು ತೆರೆಯಬೇಕು. ಮೊದಲ ಹಂತ ಮಯೋಮೇಕರಿನದು. ಚಿಕ್ಕ ಪ್ರೋಟೀನು ಇಲ್ಲದಿದ್ದರೂ ಹೊರಪದರಗಳ ಕೊಬ್ಬು ಬೆರೆಯುತ್ತದೆ, ಕೆಲಸವು ಅಲ್ಲಿಗೆ ನಿಲ್ಲುತ್ತದೆ. ಹೊರಮೈಯ ಮೇಲೆ ಪೊರೆಗೆ ಒತ್ತಡವನ್ನು ಕೊಟ್ಟು ರಂಧ್ರವನ್ನು ತೆರೆಯಿಸುವುದು ಚಿಕ್ಕದರ ಪಾಲು. ಒಂದನ್ನೊಂದು ಹಿಡಿದುಕೊಳ್ಳಬೇಕಾದ ಅಗತ್ಯವೂ ಅವಕ್ಕಿಲ್ಲ.

ಈ ಕಥೆಯು ಹಣ್ಣುನೊಣಕ್ಕೆ ಹಾಗೆಯೇ ಅನ್ವಯಿಸುವುದಿಲ್ಲ; ಮಯೋಮೇಕರಿಗೆ ಸಮನಾದುದು ಆ ನೊಣದಲ್ಲಿ ಇಲ್ಲ. ಬೆನ್ನೆಲುಬುಳ್ಳವುಗಳ ಹತ್ತಿರದ ಬಂಧುಗಳಾಗಿ ಕಡಲಿನಲ್ಲಿ ಬಂಡೆಗೆ ಅಂಟಿ ಬದುಕುವ ಟ್ಯೂನಿಕೇಟುಗಳಲ್ಲಿ ಅದರ ಜೀನ್ ಇದೆಯೆಂದು 2022ರಲ್ಲಿ ಪ್ರಕಟವಾಯಿತು. ಒಂದೇ ಕಾರ್ಯಕ್ಕೆ ಪ್ರಕೃತಿಯು ಬೇರೆ ಬೇರೆ ವಂಶಗಳಲ್ಲಿ ಬೇರೆ ಬೇರೆ ಸಾಧನಗಳನ್ನು ಹಿಡಿದಿರುವಂತೆ ಕಾಣುತ್ತದೆ.

ಮನುಷ್ಯರಲ್ಲಿ ಇದರ ಪರಿಣಾಮವು ಶಾಸ್ತ್ರಜ್ಞರಿಗಿಂತ ಮೊದಲು ವೈದ್ಯರ ಕಣ್ಣಿಗೆ ಬಿದ್ದಿತ್ತು. 1982ರಲ್ಲಿ ಕ್ಯಾರಿ, ಫೈನ್‌ಮನ್, ಜಿಟರ್ ಎಂಬ ಮೂವರು ವೈದ್ಯರು ಹುಟ್ಟಿನಿಂದಲೇ ಮುಖದ ಸ್ನಾಯುಗಳು ದುರ್ಬಲವಾಗಿ, ಮೈಯಲ್ಲಿ ಬಲ ಕುಂದಿರುವ ಒಂದು ಅಪರೂಪದ ರೋಗವನ್ನು ವರ್ಣಿಸಿದರು. ಅದಕ್ಕೆ ಅವರ ಹೆಸರೇ ಬಂದಿತು. ಕಾರಣ ಮಾತ್ರ 35 ವರ್ಷ ತಿಳಿಯಲಿಲ್ಲ. 2017ರಲ್ಲಿ ರೋಗಿಗಳ ಮಯೋಮೇಕರ್ ಜೀನ್‌ನಲ್ಲಿ ದೋಷವಿರುವುದು ಕಂಡುಬಂದಿತು. ತಂದೆಯಿಂದಲೂ ತಾಯಿಯಿಂದಲೂ ಒಂದೊಂದು ಕೆಟ್ಟ ಪ್ರತಿ ಬಂದಿರುತ್ತದೆ. ಆದರೆ ಕೆಲಸವು ಪೂರ್ಣವಾಗಿ ನಿಂತಿರುವುದಿಲ್ಲ, ಕುಂಠಿತವಾಗಿರುತ್ತದೆ. ಪೂರ್ಣವಾಗಿ ನಿಂತ ಚಿಟ್ಟಿಲಿಯ ಮರಿ ಬದುಕದೆ ಹೋದುದನ್ನೂ, ಈ ರೋಗಿಗಳು ಬದುಕಿ ಬೆಳೆದುದನ್ನೂ ಈ ಭೇದವು ವಿವರಿಸುತ್ತದೆ. 2023ರಲ್ಲಿ ಮಿಲೇ ಅವರ ಬಳಗವು ವೈರಸ್ಸಿನ ಹೊದಿಕೆಯ ಮೇಲೆ ಈ ಎರಡು ಪ್ರೋಟೀನುಗಳನ್ನೂ ನೆಟ್ಟಿತು. ಹಾಗೆ ಸಿದ್ಧವಾದ ಕಣಗಳು ಚಿಟ್ಟಿಲಿಯ ಮೈಯಲ್ಲಿ ಸ್ನಾಯುವನ್ನು ಅರಸಿಕೊಂಡು ಹೋಗಿ ಅದರೊಡನೆ ಬೆಸೆದು, ಡ್ಯೂಷೆನ್ ಸ್ನಾಯುಕ್ಷಯದಲ್ಲಿ ಇಲ್ಲದಿರುವ ಡಿಸ್ಟ್ರೋಫಿನ್ನಿನ ಚಿಕ್ಕ ರೂಪವನ್ನು ಕಟ್ಟಿಕೊಡುವ ಜೀನನ್ನು ತಂತುವಿನ ಒಳಗೆ ಮುಟ್ಟಿಸಿದುವು.